ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟ್ ಉಳಿಸುವ ಕೆಲಸ: ಯಾವ ಬ್ಲಾಕ್ ಮೊದಲು?

ಪ್ರಶ್ನೆ (ಹೂಟಗಳ್ಳಿ ನಿವಾಸಿ):
ಮೈಸೂರಿನ ಹೊರವಲಯದಲ್ಲಿ ಕಡಿಮೆ ಆದಾಯದವರ 40 ಹಳೇ ಬ್ಲಾಕ್‌ಗಳಿವೆ. ಪ್ರತಿಯೊಂದೂ ನಾಲ್ಕು ಅಂತಸ್ತು, 16 ಮನೆ. ಫ್ಯಾನ್, ಪಂಪ್, ಸೋಲಾರ್ ಬಿಸಿನೀರು, ಬಿಸಿಲ ಕಾವು ತಡೆಯಲು ತಾರಸಿಗೆ ಬಿಳಿ ಬಣ್ಣ ಒಟ್ಟಿಗೇ ಆಗಬೇಕು. ಮೊದಲ ಕಂತಿನಲ್ಲಿ 10 ಬ್ಲಾಕ್. ಬಿಲ್ ಜಾಸ್ತಿ ಬರುವ ಕಡೆಯಿಂದ ಶುರು ಮಾಡೋದಾ?

ಎನರ್ಜಿ ಆಡಿಟರ್:
ಬಿಲ್ಲಿನ ಮೊತ್ತ ನೋಡಿ ಆರಿಸಬೇಡಿ ಸರ್. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಕರೆಂಟ್ ಉಚಿತ. ಶೂನ್ಯ ಬಿಲ್ ಬರುವ ಮನೆಯಲ್ಲಿ 75 ವ್ಯಾಟ್ ಫ್ಯಾನ್ ತೆಗೆದು 28 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನ) ಫ್ಯಾನ್ ಹಾಕಿದರೆ, ದಿನಕ್ಕೆ 12 ಗಂಟೆ ಓಡಿದಾಗ ತಿಂಗಳಿಗೆ ಸುಮಾರು 17 ಯೂನಿಟ್ ಉಳಿಯುತ್ತೆ, ಆದರೆ ಮನೆಯವರ ಜೇಬಿಗೆ ಒಂದು ರೂಪಾಯಿಯೂ ಬರಲ್ಲ. ಅವರಿಂದ ವಂತಿಗೆ ಕೇಳುವ ಲೆಕ್ಕ ಅಲ್ಲೇ ಬಿದ್ದುಹೋಗುತ್ತೆ. ಪ್ರತಿ ಆರ್‌ಆರ್ ನಂಬರಿನ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) 12 ತಿಂಗಳ ಯೂನಿಟ್ ಬರೆದುಕೊಳ್ಳಿ. ಬೀಗ ಬಿದ್ದ ಮನೆಗಳನ್ನು ಬಿಟ್ಟು ಸರಾಸರಿ ಹಾಕಿ, ಬ್ಲಾಕ್‌ಗಳನ್ನು ಆ ಯೂನಿಟ್ ಲೆಕ್ಕದಲ್ಲೇ ಹೋಲಿಸಿ.

ಪಂಪ್ ಮೆಕ್ಯಾನಿಕ್:
ಪಂಪ್, ಮೆಟ್ಟಿಲ ದೀಪದ ಕಾಮನ್ ಮೀಟರ್ ಬಿಲ್ ಕಟ್ಟೋದು ನಿವಾಸಿಗಳ ಸಂಘ, ಅಲ್ಲಿ ಉಳಿದದ್ದು ಎಲ್ಲರ ಕಣ್ಣಿಗೂ ಕಾಣುತ್ತೆ. ಪಂಪ್ ಹೀಗೆ ಪರೀಕ್ಷಿಸಿ: ಮೆಟ್ಟಿಲ ದೀಪ ಆರಿಸಿ, ಟ್ಯಾಂಕಿನಿಂದ ಮನೆಗಳಿಗೆ ಹೋಗುವ ವಾಲ್ವ್ ಮುಚ್ಚಿ, ಮೀಟರ್ ಓದಿ. ಟ್ಯಾಂಕಿನ ತಳ 2 × 2.5 ಮೀಟರ್ ಇದ್ದರೆ ನೀರು 20 ಸೆಂ.ಮೀ. ಏರಿದಾಗ ಸಾವಿರ ಲೀಟರ್. ಮೂರು ಸಾವಿರ ಲೀಟರ್ ಏರಿಸಿ ಮತ್ತೆ ಓದಿ. 15 ಮೀಟರ್ ಎತ್ತರಕ್ಕೆ ಸಾವಿರ ಲೀಟರಿಗೆ 0.1 ಯೂನಿಟ್ ಆಸುಪಾಸು ಸರಿ. ಕಾಲು ಯೂನಿಟ್ ದಾಟಿದರೆ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿದೆ, ಇಲ್ಲವೇ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ವಾಲ್ವ್) ಕಟ್ಟಿದೆ. ಅಂಥ ಬ್ಲಾಕ್ ಪಟ್ಟಿಯಲ್ಲಿ ಮೇಲೆ ಬರಲಿ.

ಸಿವಿಲ್ ಎಂಜಿನಿಯರ್:
ತಾರಸಿ ನೋಡದೆ ಯಾವ ಬ್ಲಾಕಿಗೂ ಹೂಂ ಅನ್ನಬೇಡಿ. ತಾರಸಿಯ ನೀರು ಹರಿದುಹೋಗುವ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಿ. ಪ್ಲಾಸ್ಟರ್ ಕಳಚಿ ಕಂಬಿ ತುಕ್ಕು ಹಿಡಿದಿದ್ದರೆ ಆ ಬ್ಲಾಕಿಗೆ ನೀರೂ ನಿಲ್ಲಿಸಬೇಡಿ, ರಿಪೇರಿ ಆಗುವವರೆಗೆ ಪಕ್ಕಕ್ಕಿಡಿ.

ಕೆಲಸದ ಸರದಿ ತಪ್ಪಿದರೆ ದುಡ್ಡು ನೀರುಪಾಲು. ಮೊದಲು ಕಾಂಕ್ರೀಟ್ ರಿಪೇರಿ, ಆಮೇಲೆ ಸೋಲಾರ್ ಸ್ಟ್ಯಾಂಡಿನ ಪೀಠ, ಅದರ ಮೇಲೆ ವಾಟರ್‌ಪ್ರೂಫಿಂಗ್, ಕೊನೆಗೆ ಬಿಳಿ ಬಣ್ಣ. ಬಣ್ಣ ಬಳಿದ ಮೇಲೆ ಡ್ರಿಲ್ ಹೊಡೆದರೆ ಬೋಲ್ಟಿನ ಬುಡದಲ್ಲೇ ಸೋರುತ್ತೆ. 16 ಮನೆಗೆ ನೂರು ಲೀಟರಿನಂತೆ ಬಿಸಿನೀರೇ 1.6 ಟನ್, ಸೋಲಾರ್ ಟ್ಯಾಂಕ್ ತೊಲೆ-ಕಂಬದ ನೆತ್ತಿಗೆ ಬರಬೇಕು.

ಹೂಟಗಳ್ಳಿ ನಿವಾಸಿ:
ಬಿಸಿನೀರು ನೆಲಮಹಡಿಗೆ ತಲುಪುತ್ತಾ?

ಎನರ್ಜಿ ಆಡಿಟರ್:
15 ಮೀಟರ್ ಮುಕ್ಕಾಲಿಂಚು ಪೈಪಿನಲ್ಲಿ ಸುಮಾರು 5 ಲೀಟರ್ ತಣ್ಣೀರು ನಿಂತಿರುತ್ತೆ, ಅದು ಮೊದಲು ಬರುತ್ತೆ. ಪೈಪಿಗೆ ಇನ್ಸುಲೇಷನ್ ಹಾಕಿಸಿ. ಒಂದೇ ನಕ್ಷೆಯ, ಅಕ್ಕಪಕ್ಕದ ಬ್ಲಾಕ್‌ಗಳನ್ನೇ ಆರಿಸಿದರೆ ಒಂದೇ ಡಿಸೈನು, ಒಂದೇ ಟೆಂಡರು ಸಾಕಾಗುತ್ತೆ. ನೋಂದಾಯಿತ ಸಂಘ, ಬ್ಯಾಂಕ್ ಖಾತೆ ಇಲ್ಲದ ಬ್ಲಾಕನ್ನು ಎರಡನೇ ಕಂತಿಗೆ ಬಿಡಿ.