ಹೂವು ಈಗ, ಜೋಡಿ ನಾಲ್ಕು ತಿಂಗಳ ನಂತರ: ಪರಾಗವನ್ನು ಕಾಪಿಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಬಳಿ ಒಂದೇ ಜಾತಿಯ ಎರಡು ಅಪರೂಪದ ಆರ್ಕಿಡ್ ಗಿಡಗಳಿವೆ. ಒಂದು ಈಗ ಹೂಬಿಟ್ಟಿದೆ, ಇನ್ನೊಂದು ಅರಳುವುದು ನಾಲ್ಕು ತಿಂಗಳ ನಂತರ. ಇದರ ಪರಾಗವನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಅಲ್ಲಿಯವರೆಗೆ ಉಳಿಯುತ್ತದೆಯೇ?

ಉತ್ತರ (ಸಸ್ಯವಿಜ್ಞಾನಿ): ಟೈಟಾನ್ ಆರಮ್ ಎಂಬ ದೈತ್ಯ ಹೂಗೊಂಚಲಿನ ಗಿಡ ಬೆಳೆಸುವ ಸಸ್ಯೋದ್ಯಾನಗಳ ಪಾಡೂ ನಿಮ್ಮದೇ. ಅದರ ಹೆಣ್ಣುಹೂಗಳು ಮೊದಲ ರಾತ್ರಿಯೇ ಸಿದ್ಧವಾಗುತ್ತವೆ; ಗಂಡುಹೂಗಳು ಪರಾಗ ಬಿಡುವ ಹೊತ್ತಿಗೆ ಅವುಗಳ ಸರದಿ ಮುಗಿದಿರುತ್ತದೆ. ಹಾಗಾಗಿ ಒಂದೆಡೆ ಅರಳಿದ ಹೂವಿನ ಪರಾಗವನ್ನು ಕಾಪಿಟ್ಟು, ಇನ್ನೊಂದೆಡೆ ಅರಳಿದಾಗ ಬಳಸುತ್ತಾರೆ.

ನಿಮ್ಮ ಪರಾಗವೂ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಆದರೆ ಮೊದಲು ಒಣಗಿಸಿ, ಆಮೇಲೆ ತಂಪಿಗಿಡಿ. ಈ ಕ್ರಮ ತಪ್ಪಲೇಬಾರದು. ಹಸಿಯಾಗಿಯೇ ಡಬ್ಬಿ ಸೇರಿದ ಪರಾಗಕ್ಕೆ ಬೂಸ್ಟು ಹಿಡಿಯುತ್ತದೆ. ಅದೇ ಹಸಿ ಪರಾಗ ಫ್ರೀಜರ್‌ಗೆ ಹೋದರೆ ಒಳಗಿನ ನೀರು ಹರಳುಗಟ್ಟಿ ಜೀವಕೋಶದ ಪೊರೆಯನ್ನು ಹರಿದುಹಾಕುತ್ತದೆ.

ಹೆಚ್ಚಿನ ಆರ್ಕಿಡ್‌ಗಳಲ್ಲಿ ಪರಾಗ ಪುಡಿಯಾಗಿರುವುದಿಲ್ಲ, ಮೇಣದಂಥ ಪುಟ್ಟ ಉಂಡೆಗಳಾಗಿರುತ್ತದೆ. ಹೂವು ಅರಳಿ ಕೆಲವು ದಿನವಾದ ಮೇಲೆ, ಹೂವಿನ ನಡುವೆ ನಿಂತಿರುವ ಕಂಬದ ತುದಿಗೆ ಹಲ್ಲುಕಡ್ಡಿಯನ್ನು ಕೆಳಗಿನಿಂದ ತಾಗಿಸಿ ನಿಧಾನವಾಗಿ ಎತ್ತಿ. ಮೇಲೆ ಮುಚ್ಚಿರುವ ಪುಟ್ಟ ಟೊಪ್ಪಿಗೆಯ ಸಮೇತ ಉಂಡೆಗಳು ಅಂಟಿಕೊಂಡು ಬರುತ್ತವೆ. ಟೊಪ್ಪಿಗೆ ಬೂಸ್ಟಿಗೆ ಆಹಾರ, ಅದನ್ನು ಬಿಡಿಸಿ ಎಸೆಯಿರಿ. ಉಂಡೆಗಳನ್ನು ತೆಳುಕಾಗದದಲ್ಲಿ ಮಡಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಶೀಶೆಯಲ್ಲಿ ಒಂದು ದಿನ ಹೊರಗಿಟ್ಟು, ನಂತರ ಫ್ರಿಜ್‌ನ ಒಳಭಾಗದಲ್ಲಿಡಿ. 4 ಡಿಗ್ರಿ ಸೆಲ್ಸಿಯಸ್ ಸಾಕು. ಬಾಗಿಲಿನ ಬಳಿ ಬೇಡ, ಅಲ್ಲಿ ಉಷ್ಣತೆ ಏರಿಳಿಯುತ್ತದೆ. ಬಿಸಿಲಿನಲ್ಲಂತೂ ಒಣಗಿಸಲೇಬೇಡಿ. ಜಾತಿ, ಯಾವ ಗಿಡದ್ದು, ಯಾವ ದಿನದ್ದು ಎಂಬುದನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ.

ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣಗಿನ ಪರಾಗದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಶೀಶೆಯ ಹೊರಮೈಯ ಮಂಜು ಪೂರ್ತಿ ಆರಲಿ. ಒಂದು ಸಲಕ್ಕೆ ಒಂದು ಪೊಟ್ಟಣದಂತೆ ಬೇರೆ ಬೇರೆ ಶೀಶೆಗಳಲ್ಲಿಟ್ಟರೆ ಪದೇ ಪದೇ ತೆಗೆದಿಡುವ ಅಪಾಯವಿಲ್ಲ.

ಪ್ರಶ್ನೆ: ಮೇಡಂ, ನನ್ನ ಲಿಲ್ಲಿ ಪರಾಗ ಒಂದು ವರ್ಷದಿಂದ ಫ್ರೀಜರ್‌ನಲ್ಲಿದೆ. ಜೀವವಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಈ ಸಲ ಇರುವುದು ಒಂದೇ ಹೂವು.

ಉತ್ತರ: ಒಂದೇ ಹೂವಿರುವಾಗ ಪರೀಕ್ಷಿಸದೆ ಮುಟ್ಟಲೇಬೇಡಿ. ವರ್ಷವಿಡೀ ಕಾದ ಹೂವು ಸತ್ತ ಪರಾಗದ ಪಾಲಾಗಬಾರದು. ಚಿಟಿಕೆಯಷ್ಟು ಪರಾಗವನ್ನು ಒದ್ದೆ ಹತ್ತಿಯಿರುವ ಮುಚ್ಚಿದ ಡಬ್ಬಿಯಲ್ಲಿ, ಹತ್ತಿಗೆ ತಾಗದಂತೆ, ಒಂದೆರಡು ಗಂಟೆ ಇಡಿ. ತೀರ ಒಣಗಿದ್ದನ್ನು ನೇರ ದ್ರಾವಣಕ್ಕೆ ಹಾಕಿದರೆ ಪೊರೆ ಸೋರಿ, ಬದುಕಿದ್ದದ್ದೂ ಸಾಯಬಹುದು. ಆಮೇಲೆ ಶೇ. 10 ಸಕ್ಕರೆ, ಲೀಟರಿಗೆ 100 ಮಿಲಿಗ್ರಾಂ ಬೋರಿಕ್ ಆಮ್ಲ, 300 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಇರುವ ದ್ರಾವಣದ ಹನಿಯಲ್ಲಿ ಉದುರಿಸಿ, ಕೆಲವು ಗಂಟೆಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿ. ರೇಣುವಿನ (ಪರಾಗದ ಒಂದು ಕಣದ) ಅಗಲಕ್ಕಿಂತ ಉದ್ದದ ನಳಿಕೆ ಹೊರಟಿದ್ದರೆ ಅದು ಮೊಳೆತಿದೆ. ಜೀವವಿದೆಯೇ ಎಂದು ನೋಡಲು ರೇಣುವಿಗೆ ಹಚ್ಚುವ ಅಸಿಟೋಕಾರ್ಮೈನ್ ಬಣ್ಣವೊಂದನ್ನೇ ನಂಬಬೇಡಿ, ಸತ್ತ ರೇಣುವಿಗೂ ಅದು ಹಿಡಿಯುತ್ತದೆ.

ಪ್ರಶ್ನೆ: ಅಪರೂಪದ ಹುಲ್ಲಿನ ಜಾತಿಗಳಿಗೂ ಇದೇ ಕ್ರಮವೇ?

ಉತ್ತರ: ಬೇಡ. ಹುಲ್ಲುಗಳ ಪರಾಗದಲ್ಲಿ ನೀರಿನಂಶ ಹೆಚ್ಚು, ಪೂರ್ತಿ ಒಣಗಿಸಿದರೆ ಸಾಯುತ್ತದೆ; ಗಿಡದಿಂದ ಉದುರಿದ ಮೇಲೂ ಹೆಚ್ಚು ಹೊತ್ತು ಬದುಕುವುದಿಲ್ಲ. ಅದನ್ನು ಹದವಾಗಿ ಒಣಗಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಡುವುದು ಪ್ರಯೋಗಾಲಯದ ಕೆಲಸ. ನೀವು ಬೀಜಗಳನ್ನು ವಾರಗಳ ಅಂತರದಲ್ಲಿ ಬಿತ್ತಿ. ಎರಡು ಗಿಡಗಳಾದರೂ ಒಟ್ಟಿಗೆ ಹೂಬಿಟ್ಟಾವು.