ಹುಳ ಬಿದ್ದ ಅಲಸಂದೆ ಕಾಳಲ್ಲಿ ಸತ್ವ ಉಳಿದಿರುತ್ತದಾ?

ಬಯಲುಸೀಮೆಯವಳು:
ಊರಿಂದ ಬಂದ ಅಲಸಂದೆಗೆ ಹುಳ ಬಿದ್ದಿದೆ. ಕಾಲು ಭಾಗ ಕಾಳಲ್ಲಿ ಗುಂಡಗೆ ತೂತು, ಡಬ್ಬದ ತಳದಲ್ಲಿ ಹಿಟ್ಟು. ಬಿಸಿಲಿಗೆ ಹಾಕಿ ಮೊರದಲ್ಲಿ ಕೇರಿದರೆ ಸಾಕು, ಸಾರಿಗೆ ಏನೂ ಆಗಲ್ಲ ಅಂತಾರೆ ಅತ್ತೆ. ಆದರೆ ಮಗುವಿಗೂ ಇದನ್ನೇ ಬೇಯಿಸಿ ಕೊಡುತ್ತೇನೆ, ಅದಕ್ಕೇ ಚಿಂತೆ. ಹುಳ ಬಿದ್ದರೆ ಪ್ರೋಟೀನ್ ಜಾಸ್ತಿಯಾಗುತ್ತದೆ ಅಂತ ಒಂದು ಕಡೆ ಓದಿದೆ. ಹೌದಾ?

ಕಾಳುಕಡ್ಡಿ:
ಜಾಸ್ತಿ ಆಗಲ್ಲ, ಆದ ಹಾಗೆ ಕಾಣುತ್ತದೆ ಅಷ್ಟೇ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಕಾಳಿನ ಸಾರಜನಕ ಅಳೆದು ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಇಷ್ಟು ಅಂತ ಬರೆಯುತ್ತಾರೆ. ಮರಿಹುಳ ಕಾಳಿನ ಒಳಗೇ ಕೂತು ತಿಂದು, ಅಲ್ಲೇ ಹಿಕ್ಕೆ ಹಾಕಿ, ಪೊರೆ ಕಳಚುತ್ತದೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲದಲ್ಲೂ ಸಾರಜನಕ ಇದೆ, ಸತ್ತ ಹುಳದಲ್ಲೂ ಇದೆ, ಲೆಕ್ಕಕ್ಕೆ ಅದೂ ಸೇರಿಬಿಡುತ್ತದೆ. ಇನ್ನೊಂದು ಕಡೆ ಪಿಷ್ಟ ಖಾಲಿಯಾಗಿ ಶೇಕಡಾವಾರು ಏರಿದಂತೆ ತೋರುತ್ತದೆ. ನಿಜವಾದ ಪ್ರೋಟೀನ್ ಇಳಿದಿರುತ್ತದೆ, ಬಿ1 ವಿಟಮಿನ್ ಕೂಡ. ಉಳಿದದ್ದೂ ಸರಿಯಾಗಿ ಜೀರ್ಣವಾಗಲ್ಲ. ಬೇಯಿಸಿದರೆ ಹುಳ ಸಾಯುತ್ತದೆ, ಅದರ ಕಸ ಕಾಳಿನೊಳಗೇ ಇರುತ್ತದೆ ಅಲ್ವಾ? ತೂತು ಬಿದ್ದದ್ದನ್ನು ಮಗುವಿಗೆ ದಯವಿಟ್ಟು ಕೊಡಬೇಡಿ.

ಹೊಲದಂಚು:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು, ತೂತು ಕಂಡಿತು ಅಂದರೆ ಹುಳ ಉಂಡು ಹೊರಗೆ ಬಂದಾಗಿದೆ. ಹಾರಾಡುವ ದುಂಬಿ ಕಾಳು ತಿನ್ನುವುದೇ ಇಲ್ಲ, ನಷ್ಟವೆಲ್ಲ ಒಳಗಿನ ಮರಿಯಿಂದ. ಮೊಟ್ಟೆ ಎಷ್ಟೋ ಸಲ ಹೊಲದಲ್ಲಿ ಕಾಯಿ ಒಣಗುವಾಗಲೇ ಬಿದ್ದಿರುತ್ತದೆ, ನಮ್ಮ ಸೆಕೆಗೆ ಹೆಚ್ಚುಕಡಿಮೆ ತಿಂಗಳಿಗೊಂದು ತಲೆಮಾರು. ಹಾಗಾಗಿ ತೂತಿಲ್ಲದ ಮುಕ್ಕಾಲು ಭಾಗವನ್ನೂ ಸುಮ್ನೆ ನಂಬಬೇಡಿ. ಸಿಪ್ಪೆ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಮೊಟ್ಟೆ, ಆ ಕಾಳನ್ನೂ ತೆಗೆಯಿರಿ. ಬೂಸ್ಟು ವಾಸನೆ ಬಂದರೆ ಪೂರ್ತಿ ಎಸೆಯಿರಿ, ಹುಳ ಹೆಚ್ಚಿದ ಕಡೆ ಕಾಳು ಬೆವರಿ ಬೂಸ್ಟು ಹಿಡಿಯುತ್ತದೆ.

ಬಯಲುಸೀಮೆಯವಳು:
ಚುಕ್ಕೆ ಬೇಕಾದಷ್ಟಿದೆ! ಮುಂದಿನ ಸಲ ಏನು ಮಾಡಲಿ?

ಅಡುಗೆಮನೆ ಅಕ್ಕ:
ಕಾಳು ಮನೆಗೆ ಬಂದ ಕೂಡಲೇ ಚೆನ್ನಾಗಿ ಒಣಗಿಸಿ, ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ, ಒಳಗಿನ ಮರಿಯೂ ಸಾಯುತ್ತದೆ. ಫ್ರೀಜರ್‌ನಲ್ಲಿ ಜಾಗ ಇಲ್ಲದಿದ್ದರೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ. ಎಣ್ಣೆ ಮೊಟ್ಟೆಗೆ ಉಸಿರು ಕಟ್ಟಿಸುತ್ತದೆ, ಆದರೆ ಮೊದಲೇ ಹಚ್ಚಬೇಕು, ಮರಿ ಒಳಗೆ ಹೊಕ್ಕ ಮೇಲೆ ಹಚ್ಚಿದರೆ ಉಪಯೋಗ ಕಡಿಮೆ. ಗಾಳಿಯಾಡದ ಡಬ್ಬವನ್ನು ಬಾಯಿವರೆಗೂ ತುಂಬಿ, ಅರ್ಧ ಖಾಲಿ ಇದ್ದರೆ ಹುಳಕ್ಕೆ ಬೇಕಾದಷ್ಟು ಗಾಳಿ ಸಿಕ್ಕಿಬಿಡುತ್ತದೆ. ಜಾಸ್ತಿ ಇದ್ದರೆ ಬೇಳೆ ಮಾಡಿಸಿಡಿ. ಈ ದುಂಬಿ ಇಡೀ ಕಾಳಿನ ಮೇಲೇ ಮೊಟ್ಟೆ ಇಡಲು ನೋಡುತ್ತದೆ, ಬೇಳೆಗೆ ಅದರ ಕಾಟ ಕಡಿಮೆ.