ಅಪ್‌ಡೇಟ್: ಕೊನೆಗೂ ನಾಟಕದ ಬಿಎ ಸೇರಿದೆ

ಪಿಯುಸಿ ಆದಮೇಲೆ ಬಿಎನಲ್ಲಿ ನಾಟಕವನ್ನೇ ಮುಖ್ಯ ವಿಷಯವಾಗಿ ಓದಲಾ, ಇಲ್ಲ ಮೊದಲು ಹೆಗ್ಗೋಡಿನ ನೀನಾಸಂ ರಂಗಶಾಲೆಯ ಡಿಪ್ಲೊಮಾಗೆ ಪ್ರಯತ್ನಿಸಲಾ ಅಂತ ಕೇಳಿದ್ದೆನಲ್ಲ. ಬಿಎ ಸೇರಿದ್ದೇನೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನನ್ನನ್ನು ಒಪ್ಪಿಸಿದ್ದು ನಿಮ್ಮಲ್ಲೊಬ್ಬರು ಹೇಳಿದ ಮಾತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ 3 ವರ್ಷದ ಡಿಪ್ಲೊಮಾಗೆ ಡಿಗ್ರಿ ಬೇಕು, ಜೊತೆಗೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಡಿಗ್ರಿ ಯಾವುದಾದರೂ ನಡೆಯುತ್ತದೆ, ಆದರೆ ನಾಟಕದ ಬಿಎನಲ್ಲಿ ಎರಡೂ ಒಟ್ಟಿಗೆ ಆಗುತ್ತವೆ ಅಲ್ವಾ. ನೀನಾಸಂ ಆಮೇಲೂ ಇದ್ದೇ ಇದೆ.

ಬರೀ ನಟನೆ ಅಂದುಕೊಂಡು ಬಂದವರೇ ಜಾಸ್ತಿ. ನನಗೆ ಹುಚ್ಚು ಹಿಡಿಸಿರುವುದು ಲೈಟಿಂಗ್. ನೇರ ಎದುರಿನಿಂದ ಬೆಳಕು ಬಿಟ್ಟರೆ ಮುಖ ಚಪ್ಪಟೆಯಾಗಿ ಕಾಣುತ್ತದೆ. ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬಿಟ್ಟು, ಒಂದಕ್ಕೆ ಹಳದಿ, ಇನ್ನೊಂದಕ್ಕೆ ನೀಲಿ ಜೆಲ್ (ಲೈಟಿನ ಮುಂದೆ ಹಾಕುವ ಬಣ್ಣದ ಪಾರದರ್ಶಕ ಹಾಳೆ) ಹಾಕಿದರೆ ಮೂಗು, ಕೆನ್ನೆ ಎಲ್ಲ ಎದ್ದು ಬರುತ್ತವೆ. ಇಷ್ಟು ದಿನ ಸುಮ್ನೆ ನಾಟಕ ನೋಡಿ ಬರುತ್ತಿದ್ದೆ, ಈಗ ಕಣ್ಣು ಮೊದಲು ಮೇಲಿನ ಲೈಟಿಗೇ ಹೋಗುತ್ತದೆ.

ಥಿಯರಿಯಲ್ಲಿ ನಾಟ್ಯಶಾಸ್ತ್ರ ಬರೆದ ಭರತನ ನಾಲ್ಕು ಅಭಿನಯಗಳಿವೆ: ಆಂಗಿಕ (ಮೈಯಿಂದ), ವಾಚಿಕ (ಮಾತಿನಿಂದ), ಆಹಾರ್ಯ (ವೇಷಭೂಷಣದಿಂದ), ಸಾತ್ವಿಕ (ಒಳಗಿನ ಭಾವದಿಂದ). ಓದಲು ಸಾಕಷ್ಟಿದೆ, ಆರಾಮದ ಕೋರ್ಸ್ ಅಂತೂ ಅಲ್ಲ.

ಅಪ್ಪ ಈಗಲೂ “ಮುಗಿದಮೇಲೆ ಬಿಎಡ್ ಮಾಡ್ತೀಯಲ್ಲ?” ಅಂತ ಕೇಳುತ್ತಾರೆ. ನೋಡೋಣ ಅಂದಿದ್ದೇನೆ.